ಎದುರು ಮನೆಗೆ ಹೆಪ್ಪು

ಹುಬ್ಬಳ್ಳಿಯಿಂದ ಬೈಲಹೊಂಗಲದವರೆಗೆ ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದ ಮನೆಗಳನ್ನು ರೇಣು ಪಡಸಾಲೆಯ ನಡುವೆ ಇಳಿಸಿದಳು. ರಟ್ಟು, ಥರ್ಮಾಕೋಲಿನ ಮೂರಂತಸ್ತಿನ ಮನೆಗಳು. ನಡುವೆ ಅಂಗಳ, ಅಂಗಳದಲ್ಲಿ ಹೆಂಗಸರು ಕೂತು ಮಾತಾಡಲು ಒಂದು ಕಟ್ಟೆ. ಆರ್ಕಿಟೆಕ್ಚರ್ ಓದುವ ಹುಡುಗಿಯ ಕೊನೆಯ ವರ್ಷದ ಕೆಲಸ ಅದು. ರಸ್ತೆ ಅಗಲ ಮಾಡುವಾಗ ಓಣಿ ಎರಡು ಪಾಲಾಗಿತ್ತಲ್ಲ, ಉಳಿದವರೂ ಹೋದವರೂ ಮತ್ತೆ ಕೂಡಿ ಬಾಳಲಿ ಎಂದು ಮಾಡಿದ್ದಳು. ಅವ್ವ ಸಾವಿತ್ರೆವ್ವ ಸೆರಗಿನಿಂದ ಅದರ ಧೂಳು ಒರೆಸಲು ಹೋಗಿ ಒಂದು ಕಿಟಕಿಯನ್ನೇ ಕಿತ್ತಳು. ತಾಯಿ ಮಗಳು ಅದನ್ನು ಅಂಟಿಸುತ್ತ ಕೂತಿದ್ದಾಗ ಕಾಡವ್ವ ಹೆಪ್ಪಿಗೆಂದು ವಾಟಗ, ಒಂದು ಸಣ್ಣ ಬಟ್ಟಲು, ಹಿಡಿದು ಬಂದಳು.

ಕಾಡವ್ವ ಮೊದಲು ಎದುರು ಮನೆಯವಳು. ರಸ್ತೆ ಈ ಸಾಲನ್ನು ಬಿಟ್ಟು ಆ ಸಾಲನ್ನು ನುಂಗಿದ ಮೇಲೆ ಊರ ಹೊರಗಿನ ಕಾಲನಿಯವಳು. ಅಲ್ಲಿ ಮನೆಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿವೆ. ಒಬ್ಬರ ಬಾಗಿಲಿಗೆ ಇನ್ನೊಬ್ಬರ ಹಿತ್ತಿಲ ಗೋಡೆ. ಮೊಸರು ಹುಳಿಯಾಯಿತು, ಲೋಳೆಯಾಯಿತು ಎಂದು ಏನಾದರೊಂದು ನೆವ ತೆಗೆದು ಹೆಪ್ಪಿಗೆ ಇಷ್ಟು ದೂರ ಬರುತ್ತಾಳೆ. ಕಾಲನಿಯಲ್ಲಿ ಹೆಪ್ಪು ಸಿಗುವುದಿಲ್ಲವೇ? ಸಿಗುತ್ತದೆ. ಆದರೆ ಅವಳಿಗೆ ಬೇಕಾದದ್ದು ಬರೀ ಹೆಪ್ಪಲ್ಲ.

ಹೆಪ್ಪಿನ ವಿಷಯದಲ್ಲಿ ಸಾವಿತ್ರೆವ್ವ ಮಹಾ ಕಟ್ಟುನಿಟ್ಟು. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಹೊಸ್ತಿಲು ದಾಟಬಾರದು. ದಾಟಿದರೆ ಲಕ್ಷ್ಮಿಯೂ ಹಿಂದೆಯೇ ಹೊರಟುಬಿಡುತ್ತಾಳೆ. ಹಿಂದೊಮ್ಮೆ ಕಾಡವ್ವ ದೀಪದ ಹೊತ್ತಿಗೆ ವಾಟಗ ಚಾಚಿದಾಗ ಇಲ್ಲವೆಂದು ಬರಿಗೈಯಲ್ಲಿ ಕಳಿಸಿದ್ದಳು. ಇಬ್ಬರೂ ಮಾತು ಬಿಟ್ಟರು. ಆದರೆ ಎದುರುಬದುರು ಬಾಗಿಲಲ್ಲಿ ಕೂತು ಎಷ್ಟು ದಿನ ಮುಖ ತಿರುವಿಯಾರು, ಕುತ್ತಿಗೆ ನೋಯುವುದಿಲ್ಲವೇ? ಕೊನೆಗೆ ಪಲ್ಲೆ ಮಾರುವವಳೊಂದಿಗೆ ಚೌಕಾಸಿ ಮಾಡುವಾಗ ಇಬ್ಬರೂ ಒಂದಾಗಿದ್ದರು.

ಕಾಡವ್ವ ವಾಟಗವನ್ನು ಪಕ್ಕಕ್ಕಿಟ್ಟು ಮಂಡಿ ಹಿಡಿದುಕೊಂಡು ಮನೆಗಳ ಮುಂದೆ ಕೂತಳು. ದಸರೆಯ ರಜೆಯಲ್ಲಿ ರೇಣು ಕಾಲನಿಗೆ ಹೋಗಿ, ನಿಮಗೆ ಎಂಥ ಮನೆ ಬೇಕು ಎಂದು ಎಲ್ಲರನ್ನೂ ಕೇಳಿದ್ದಳು. ಕೆಲವರು ನೀರು ಎಂದರು, ಕೆಲವರು ಸಂಡಾಸು ಎಂದರು. ಕಾಡವ್ವ ಮಾತ್ರ, ತನ್ನ ಬಾಗಿಲು ಸಾವಿತ್ರಿಯ ಬಾಗಿಲಿಗೆ ಎದುರಾಗಿರಬೇಕು ಎಂದಿದ್ದಳು. ರೇಣು ಇಡೀ ಕಟ್ಟಡವನ್ನು ಆ ಒಂದು ಮಾತಿನ ಮೇಲೆ ನಿಲ್ಲಿಸಿದಳು. ಬಾಗಿಲುಗಳು ಇಷ್ಟು ಹತ್ತಿರವಿದ್ದರೆ ಮನೆಯ ಗುಟ್ಟು ಉಳಿಯುತ್ತದೆಯೇ ಎಂದು ಪುಣೆಯಿಂದ ಬಂದ ಪರೀಕ್ಷಕರು ಕೇಳಿದಾಗ, ಗುಟ್ಟು ಉಳಿಯದಿದ್ದರೂ ಹೆಪ್ಪು ಸಿಗುತ್ತದೆ ಸರ್ ಎಂದು ಹೇಳಿ, ಕ್ಲಾಸಿಗೇ ಹೆಚ್ಚು ಅಂಕ ತೆಗೆದುಕೊಂಡಿದ್ದಳು.

"ನಂದು ಯಾವುದವ್ವಾ ಇದ್ರಾಗ?"

"ಕೆಳಗಿಂದು, ಚಿಗವ್ವಾ. ಇದು ನಿಂದು, ಇದು ಅವ್ವಂದು."

ಕಾಡವ್ವ ಎರಡು ಬಾಗಿಲುಗಳ ನಡುವೆ ತೋರುಬೆರಳು ಇಟ್ಟಳು. ಬೆರಳು ಸರಿಯಾಗಿ ಕೂತಿತು. ಅವಳ ಮುಖ ಅರಳಿತು. ಕೆಳಗಿನ ಮನೆ ಕೊಟ್ಟದ್ದು ಛಲೋ ಆಯಿತು, ತನ್ನ ಮಂಡಿಗೆ ಮೆಟ್ಟಿಲು ಆಗುವುದಿಲ್ಲ ಎಂದಳು. ಒಲೆ ಎಲ್ಲಿ, ಮಲಗುವ ಹೊರಸು ಎಲ್ಲಿ ಹಾಕಬೇಕು ಎಂದು ಒಂದೊಂದಾಗಿ ಕೇಳಿದಳು. ಕತ್ತಲಾಗುತ್ತ ಬಂದಿತ್ತು, ಸಾವಿತ್ರೆವ್ವ ದೇವರ ಜಗಲಿಯಲ್ಲಿ ದೀಪ ಹಚ್ಚಲು ಎದ್ದು ಹೋದಳು.

"ಎಂದ ಚಾಲೂ ಮಾಡತಾರ ಕೆಲಸಾ? ಬ್ಯಾಸಗ್ಯಾಗ?"

ನೋಡೋಣ ಎಂದು ಹಾರಿಸಬಹುದಿತ್ತು. ಹಾಗೆ ಹೇಳುವುದನ್ನು ಕಾಲನಿಯವರು ಬೇಕಾದಷ್ಟು ಕೇಳಿದ್ದರು. ರೇಣುವಿಗೆ ಅದು ನಾಲಿಗೆಯ ಮೇಲೆ ಬರಲಿಲ್ಲ.

"ಇದು ಪರೀಕ್ಷಾಕ್ಕ ಮಾಡಿದ್ದು, ಚಿಗವ್ವಾ. ಕಟ್ಟೂದಿಲ್ಲ."

ಕಾಡವ್ವ ಬೆರಳು ತೆಗೆಯಲಿಲ್ಲ. "ಮತ್ತ ಬಾಗಲಾ ಎಲ್ಲಿರಬೇಕಂತ ಯಾಕ ಕೇಳಿದ್ದಿ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಪುಣೆಯವರ ಮುಂದೆ ಪಟಪಟ ಮಾತಾಡಿದ ಹುಡುಗಿ ಇಲ್ಲಿ ಅಂಟಿಸಿದ ಕಿಟಕಿಯನ್ನೇ ಮತ್ತೆ ಮತ್ತೆ ಒತ್ತುತ್ತ ಕೂತಳು. ಉಳಿದ ಮನೆಗಳು ಹಾಳಾಗಿ ಹೋಗಲಿ, ಈ ಎರಡು ಬಾಗಿಲುಗಳನ್ನಾದರೂ ನಿಜ ಮಾಡುವಂತಿದ್ದರೆ ಬಂದ ಅಂಕವನ್ನೆಲ್ಲ ತಿರುಗಿ ಕೊಡುತ್ತಿದ್ದೆ ಅನ್ನಿಸಿ ಕಣ್ಣು ತುಂಬಿದವು. ಕಾಡವ್ವನೇ ಅವಳ ತಲೆ ನೇವರಿಸಿ, ಇರಲಿ ಬಿಡು, ಛಲೋ ಮಾಡೀದಿ ಎಂದು ಸಮಾಧಾನ ಮಾಡಬೇಕಾಯಿತು.

ಆಮೇಲೆ ಅವಳು ವಾಟಗ ಎತ್ತಿಕೊಂಡು ಎದ್ದಳು. ಜಗಲಿಯಲ್ಲಿ ಉರಿಯುವ ದೀಪ ಕಂಡಿತು. ವಾಟಗವನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿ, ಇನ್ನೊಮ್ಮೆ ಮುಂಜಾನೆ ಬರುತ್ತೇನೆಂದು ಹೊಸ್ತಿಲ ಕಡೆ ನಡೆದಳು.

ಸಾವಿತ್ರೆವ್ವ ಒಳಗೆ ಹೋಗಿ ಮೊಸರಿನ ಗಡಿಗೆಯನ್ನೇ ತಂದಳು. ಸೆರಗಿನೊಳಗಿನ ವಾಟಗವನ್ನು ಎಳೆದುಕೊಂಡು ಸೌಟಿನಿಂದ ಹೆಪ್ಪು ಹಾಕಿದಳು. ಕಾಡವ್ವ ಗಾಬರಿಯಾದಳು.

"ದೀಪಾ ಹಚ್ಚೀಯಲ್ಲ, ಸಾವಿತ್ರಿ. ಲಕ್ಷ್ಮವ್ವ ಹೊಂಟ್ರ?"

ಸಾವಿತ್ರೆವ್ವ ಪಡಸಾಲೆಯ ರಟ್ಟಿನ ಮನೆಗಳ ಕಡೆ ನೋಡಿದಳು.

"ಹೋಗಲಿ ಬಿಡ. ಹೋದ್ರ ಎಲ್ಲಿಗಿ ಹೊಕ್ಕಾಳ? ಎದರ ಮನಿಗೇ ಹೋಗಬೇಕಲ್ಲ."

ಕಾಡವ್ವ ವಾಟಗದ ಮೇಲೆ ಸೆರಗು ಮುಚ್ಚಿಕೊಂಡು ಹೊರಗೆ ಬಂದಳು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವು ಮುಗಿಯುವವರೆಗೆ ಕಾದು, ರಸ್ತೆ ದಾಟಿದಳು. ಆ ಬದಿಗೆ, ಹಿಂದೆ ತನ್ನ ಅಡಿಗೆಮನೆ ಇದ್ದಲ್ಲಿ ನಿಂತು, ಕಾಲನಿಗೆ ಹೋಗುವ ಟಂಟಮ್ ರಿಕ್ಷಾಕ್ಕೆ ಕೈ ಮಾಡಿದಳು.