ಐದೇ ಜನ ಹಿಡಿಸುವ ಲೆನ್ಸು

"ಎಲ್ಲರೂ ಬರಬಾರದು," ಎಂದ ತಾರಾನಾಥ.

ಠಾಣೆ ಊರಿನ ರೈಲ್ವೆ ಸ್ಟೇಷನ್ ಬಳಿಯ ಕ್ಯಾಮೆರಾ ಅಂಗಡಿಯ ಮನೀಷ್ ಕೈಯಲ್ಲಿದ್ದ ಲೆನ್ಸನ್ನು ಕೆಳಗಿಟ್ಟ. ಇಂಥ ಗಿರಾಕಿಯನ್ನು ಅವನು ಕಂಡಿರಲಿಲ್ಲ.

"ಅಂಕಲ್, ನಿಮ್ದು ಫಸ್ಟ್ ಡಿಎಸ್ಎಲ್ಆರ್ ಕ್ಯಾಮೆರಾ. ಜೊತೆಗೇ ಬರೋ ಹದಿನೆಂಟು-ಐವತ್ತೈದರ ಕಿಟ್ ಲೆನ್ಸ್ ತಗೊಳ್ಳಿ, ಸಸ್ತಾದಲ್ಲಿ ಆಗ್ತದೆ. ಸ್ಟೇಜ್ ಮೇಲೆ ಒಂಬತ್ತು ಜನ ಇದ್ರೂ ಸಬ್ ಕೆ ಸಬ್ ಬರ್ತಾರೆ."

"ಇದರಲ್ಲಿ?" ತಾರಾನಾಥ ಐವತ್ತು ಎಂಎಂ ಲೆನ್ಸಿನ ಕಡೆ ಬೆರಳು ಮಾಡಿದ.

"ಅದು ಒಬ್ರು-ಇಬ್ರ ಫೋಟೋಕ್ಕೆ. ಝೂಮ್ ಇಲ್ಲ. ಇಪ್ಪತ್ತು ಫೂಟ್ ಹಿಂದೆ ನಿಂತ್ರೂ ಪಾಂಚ್ ಜನ ಬಂದ್ರೆ ಹೆಚ್ಚು."

"ಐದು ಸಾಕು. ಕೊಡು."

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ತಾರಾನಾಥನದಕ್ಕೆ ಇನ್ನೂ ಮೂರೇ ವರ್ಷ.

ಡೊಂಬಿವಲಿಯ ಕನ್ನಡ ಸಂಘದಲ್ಲಿ ಅವನು ಕೋಶಾಧಿಕಾರಿ, ಜಯಶೀಲ ಕಾರ್ಯದರ್ಶಿ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಒಂಬತ್ತು ಕುರ್ಚಿ. ಮೈಕಿನ ಪಕ್ಕದ ಕೊನೆಯದು ಜಯಶೀಲನದು, ಈಚೆ ಕೊನೆಯದು ತಾರಾನಾಥನದು. ಪತ್ರಿಕೆಗೆ ಫೋಟೋ ಕಳಿಸುವವನು ಜಯಶೀಲ. ಅಚ್ಚಾಗಿ ಬಂದಾಗ ಅವನು ಹಲ್ಲು ಕಿರಿದು ಕೂತಿರುತ್ತಿದ್ದ. ತಾರಾನಾಥನದು ಮೊಣಕೈ ಮಾತ್ರ. ಒಂದು ವರ್ಷ ಅದೂ ಇಲ್ಲ. ಈ ಕಡೆಯ ನಮ್ಮವರಿಗೆ ಪೇಪರಿನಲ್ಲಿ ಮುಖ ಬಾರದಿದ್ದರೆ ಸಮಾರಂಭಕ್ಕೆ ಹೋಗಿಯೇ ಇಲ್ಲವೆಂದು ಅರ್ಥ.

"ನಿಜವಾಗ್ಲೂ ಹೋಗಿದ್ರಾ? ಮತ್ತೆ ಮುಖ ಎಲ್ಲುಂಟು?" ಎಂದು ಹೆಂಡತಿ ಗಂಗಾ ಕೇಳಿದ ದಿನ, ಮಹಾಪೆಯ ಆಫೀಸಿನಲ್ಲಿ ಅವನಿಗೆ ಊಟ ಸೇರಲಿಲ್ಲ. ಸ್ವಂತ ಹೆಂಡತಿಯ ಮುಂದೆ ಸುಳ್ಳುಗಾರನಾದೆನಲ್ಲ!

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈ ಸಲ ಫೋಟೋ ತೆಗೆಯುವವನು ತಾನೇ ಎಂದು ಕಮಿಟಿಯಲ್ಲಿ ಸಾರಿಬಿಟ್ಟ. ಸಮಾರಂಭ ಶಾಲೆಯ ಸಣ್ಣ ಹಾಲ್‌ನಲ್ಲಿ. ಇಪ್ಪತ್ತು ಅಡಿ ಹಿಂದೆ ಹೋದರೆ ಬೆನ್ನಿಗೆ ಗೋಡೆ. ಯಾರಾದರೂ ಕೇಳಿದರೆ, ಲೆನ್ಸಿಗೆ ಹಿಡಿಸಲಿಲ್ಲ ಮಾರಾಯ ಎಂದರಾಯಿತು. ತನ್ನ ಮುಖ ಬಾರದಿದ್ದರೆ ಚಿಂತೆಯಿಲ್ಲ, ಜಯಶೀಲನದು ಬರಕೂಡದು.

ಕ್ಯಾಮೆರಾ ಹಿಡಿದು ಮನೆಗೆ ಬಂದಾಗ ಗಂಗಾ ಫೋನಿನಲ್ಲಿ ತುಳುವಿನಲ್ಲಿ ಪಿಸುಗುಟ್ಟುತ್ತಿದ್ದಳು. ಇವನನ್ನು ಕಂಡದ್ದೇ ಇಟ್ಟುಬಿಟ್ಟಳು. "ರಾಂಗ್ ನಂಬರ್," ಎಂದಳು.

ಕಮಿಟಿಯ ಕೊನೆಯ ಸಭೆಯಲ್ಲಿ ಜಯಶೀಲ ಹತ್ತಿರ ಬಂದ. "ತಾರಣ್ಣ, ಫೋಟೋಕ್ಕೆ ಎಲ್ಲಿ ಒತ್ತುದು? ನಂಗೂ ಒಮ್ಮೆ ತೋರಿಸಿ."

ಇದಕ್ಕೂ ಕೈಹಾಕಲು ಬಂದನಲ್ಲ ಎಂದು ತಾರಾನಾಥ ಒಳಗೇ ಕುದಿದ. ನಾಲ್ಕು ಜನರೆದುರು ಇಲ್ಲವೆನ್ನಲಾಗದೆ ತೋರಿಸಿದ.

ವಾರ್ಷಿಕೋತ್ಸವದ ಭಾನುವಾರ ಬೆಳಗ್ಗೆ, ಯಾವ ವರ್ಷವೂ ಬಾರದ ಗಂಗಾ ರೇಷ್ಮೆಯ ಪಟ್ಟೆಸೀರೆ ಉಟ್ಟು ಹೊರಟಳು. ಕ್ಯಾಮೆರಾದ ಗತ್ತು ನೋಡಲಿಕ್ಕಿರಬೇಕು ಎಂದು ತಾರಾನಾಥ ಬೀಗಿದ. ಹಾಲ್‌ನಲ್ಲಿ ವೇದಿಕೆ ತುಂಬಿದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಒಂದು ಫೋಟೋ ತೆಗೆದು ನೋಡಿದ. ನಡುವಿನ ಐವರು ಸ್ಪಷ್ಟ. ಜಯಶೀಲನ ಅಂಗಿಯ ತೋಳೂ ಇಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವನಿಗೆ ನಗು ಬಂತು.

ಆಗ ಜಯಶೀಲ ಮೈಕಿಗೆ ಬಂದ.

"ಮೂರು ವರ್ಷದಿಂದ ಪೇಪರಿನವರು ನಮ್ಮ ತಾರಣ್ಣನನ್ನು ಕತ್ತರಿಸಿ ಹಾಕಿದ್ರು. ನಾನು ಪೂರ್ತಿ ಫೋಟೋ ಕಳಿಸಿದ್ರೂ ಜಾಗ ಇಲ್ಲ ಅಂತ ತುಂಡು ಮಾಡಿದ್ರು. ಫೋನ್ ಮಾಡಿ ಜಗಳವೂ ಆಡಿದೆ, ಕೇಳ್ಲಿಲ್ಲ. ಗಂಗಕ್ಕ ಫೋನಿನಲ್ಲಿ ಬೇಜಾರು ಹೇಳಿಕೊಂಡ್ರು. ಅದಕ್ಕೇ ಈ ವರ್ಷದ ಸನ್ಮಾನ ತಾರಣ್ಣನಿಗೆ. ಗಂಡ-ಹೆಂಡತಿ ಇಬ್ಬರನ್ನೂ ನಡುವೆಯೇ ಕೂರಿಸುವ, ಹೇಗೆ ಕತ್ತರಿಸ್ತಾರೆ ನೋಡುವ!"

ಚಪ್ಪಾಳೆ ಬಿತ್ತು. ಗಂಗಾ ಆಗಲೇ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದಳು. ಜಯಶೀಲ ಕೆಳಗಿಳಿದು ಬಂದು ತಾರಾನಾಥನ ಕೊರಳಿನಿಂದ ಕ್ಯಾಮೆರಾ ತೆಗೆದುಕೊಂಡ.

"ನೀವೂ ಬನ್ನಿ ಫೋಟೋದಲ್ಲಿ," ಎಂದ ತಾರಾನಾಥ. ನಾಚಿಕೆಯಿಂದ ಜಯಶೀಲನ ಕೈ ಹಿಡಿದುಕೊಂಡ. "ದಮ್ಮಯ್ಯ, ಬನ್ನಿ."

"ನಾನು ಬಂದ್ರೆ ಒತ್ತುದು ಯಾರು? ಹೋಗಿ, ಕೂತ್ಕೊಳ್ಳಿ."

ಬುಧವಾರದ ಪತ್ರಿಕೆಯಲ್ಲಿ ಶಾಲು ಹೊದ್ದ ತಾರಾನಾಥನಿದ್ದ, ಗಂಗಾ ಇದ್ದಳು, ಇನ್ನೂ ಮೂವರಿದ್ದರು. ಜಯಶೀಲ ಮಾತ್ರ, ತಾರಾನಾಥ ಬಯಸಿದ್ದ ಹಾಗೆಯೇ, ಎಲ್ಲೂ ಇರಲಿಲ್ಲ.