ಎಡಗಡೆಯ ಪೆಡಲ್

"ಅದಕ್ಕೆ ಮಾತ್ರ ಸ್ಪ್ಯಾನರ್ ತಾಗಿಸ್ಬೇಡ!"

ವೆಂಕಟಗಿರಿ ಕೂಗಿದ ರಭಸಕ್ಕೆ ಟ್ರ್ಯಾಕಿನ ಅಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರ ಹೆಂಡತಿ ಜಲಜಾ ನಾಚಿಕೆಯಿಂದ ಸೆರಗು ಸರಿಪಡಿಸಿಕೊಂಡರು. ಮಗಳು ತನ್ಮಯಿ ಕಾರಿನೊಳಗಿನಿಂದ ತಲೆ ಹೊರಗೆ ಹಾಕಿದಳು. ಸ್ಪ್ಯಾನರ್ ಇದ್ದದ್ದು ಅವಳ ಕೈಯಲ್ಲೇ.

ಕಾರು ಸೊಂಟದೆತ್ತರಕ್ಕೂ ಬರುತ್ತಿರಲಿಲ್ಲ. ಅರವತ್ತರ ದಶಕದಲ್ಲಿ ಇಪ್ಪತ್ತನಾಲ್ಕು ಗಂಟೆ ಓಡಿ ರೇಸ್ ಗೆದ್ದ ವಿದೇಶಿ ಕಾರೊಂದರ ತದ್ರೂಪು. ಬ್ಯಾಡರಹಳ್ಳಿಯ ಶೆಡ್ಡಿನಲ್ಲಿ ಅಲ್ಯೂಮಿನಿಯಂ ತಗಡು ಬಡಿದು ಬಡಿದು ವೆಂಕಟಗಿರಿ ಒಂಬತ್ತು ವರ್ಷ ಕಟ್ಟಿದ್ದು. ಮುಗಿಯುವ ಹೊತ್ತಿಗೆ ಅವರ ಎಡಗಣ್ಣು ಹೋಗಿತ್ತು, ಲೈಸೆನ್ಸೂ ಹೋಗಿತ್ತು. ಇಂದು ಕೆಂಗೇರಿಯಾಚೆಯ ಈ ಖಾಸಗಿ ಟ್ರ್ಯಾಕಿನಲ್ಲಿ ಅದನ್ನು ಓಡಿಸಬೇಕಾದವಳು ಮಗಳು.

ಒಂದನ್ನು ಬಿಟ್ಟರೆ ಎಲ್ಲವೂ ಅಸಲಿಯಂತೆಯೇ ಇತ್ತು. ಎಡಗಡೆಯ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್! ಬಸವೇಶ್ವರನಗರದಲ್ಲಿ ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರ ಚಾಳಿ. ಸ್ಕೂಲ್ ಕಾರುಗಳಲ್ಲಿ ಕಲಿಸುವವರ ಕಾಲಬಳಿಯೂ ಬ್ರೇಕ್ ಇರುತ್ತದಲ್ಲ, ಹಾಗೆ. ಎರಡಕ್ಕೂ ಒಂದೇ ಸರಳು. ಒಂದನ್ನು ತುಳಿದರೆ ಇನ್ನೊಂದೂ ಇಳಿಯುತ್ತದೆ.

"ಸಾರ್, ಅಸಲಿ ಕಾರಲ್ಲಿ ಇದಿಲ್ಲ," ಎಂದು ಮತ್ತೆ ಹೇಳಿದ ಟ್ರ್ಯಾಕಿನ ಕಡೆಯಿಂದ ತಪಾಸಣೆಗೆ ಬಂದಿದ್ದ ಕಲ್ಮೇಶ್. "ತೆಗೀರಿ. ಒಳಗೆ ಡ್ರೈವರ್ ಒಬ್ರೇ ಇರ್ಬೇಕು. ಇಲ್ಲಾಂದ್ರೆ ಓಡಿಸೋಕೆ ಬಿಡಲ್ಲ."

"ಹಾಗಾದ್ರೆ ಬೇಡ. ವಾಪಸ್ ತಗೊಂಡ್ ಹೋಗ್ತೀವಿ."

ತನ್ಮಯಿಗೆ ರೇಗಿತು. "ಒಂಬತ್ತು ವರ್ಷ ಅಪ್ಪ! ಊಟ ತಿಂಡಿ ಬಿಟ್ಟು ಕಟ್ಟಿದೀರ. ನನ್ ಮೇಲೆ ಇಷ್ಟೂ ನಂಬಿಕೆ ಇಲ್ವಾ?"

"ನಿನ್ ಮೇಲಲ್ಲ ಕಣೇ."

"ಮತ್ತೆ ಯಾರ್ ಮೇಲೆ?"

ವೆಂಕಟಗಿರಿ ಅವಳ ಕೈಯಿಂದ ಸ್ಪ್ಯಾನರ್ ಕಿತ್ತುಕೊಳ್ಳಲು ಹೋದರು.

ಹೆತ್ತ ಮಗಳನ್ನು ಹೀಗೆ ಅನುಮಾನಿಸುವ ಅಪ್ಪನಿಗೆ ಏನು ಹೇಳೋಣ! ಅವಳ ದಿನದ ಓಡಾಟವೆಲ್ಲ ಸ್ಕೂಟರಿನಲ್ಲಿ, ನಿಜ. ಆದರೆ ಸ್ಕೂಲಿನ ಕಾರಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಹೊರಟಳೆಂದರೆ ಸಿಗ್ನಲ್ಲಿನ ಬಿಳಿ ಗೆರೆಗೆ ಅಂಗುಲ ಹೆಚ್ಚಿಲ್ಲ, ಕಮ್ಮಿಯಿಲ್ಲ, ಅಲ್ಲೇ ನಿಲ್ಲಿಸುತ್ತಿದ್ದಳು. ಲೈಸೆನ್ಸಿನ ದಿನ ಪಕ್ಕದಲ್ಲಿ ಅಪ್ಪ, ಹಿಂದೆ ಅಧಿಕಾರಿ. ಅಧಿಕಾರಿ ಭೇಷ್ ಎಂದಿದ್ದರು. ಬ್ಯಾಡರಹಳ್ಳಿಯ ಬಯಲಿನಲ್ಲಿ ಈ ಕಾರನ್ನೂ ಅಪ್ಪನ ಜೊತೆ ಮೂರು ಸಲ ಓಡಿಸಿದ್ದಳು. ಮೂರು ಸಲವೂ ಗುರುತಿನ ಕಲ್ಲಿನ ಮುಂದೆ ಸರಿಯಾಗಿ ನಿಂತಿತ್ತು.

ಅವಳು ಮಾತು ಬೆಳೆಸಲಿಲ್ಲ. ಬೋಲ್ಟ್ ಬಿಚ್ಚಿ ಪೆಡಲನ್ನು ಅಪ್ಪನ ಕೈಗಿತ್ತಳು. ಮುಕ್ಕಾಲು ಕಿಲೋಮೀಟರ್ ನೇರ ದಾರಿ, ತುದಿಯಲ್ಲಿ ಕಲ್ಲಿನ ಕಾಂಪೌಂಡು.

"ಆ ಗೋಡೆ ಹತ್ರ ನಿಲ್ಲಿಸಿ, ತಿರುಗಿಸ್ಕೊಂಡ್ ಬರ್ತೀನಿ. ನೋಡ್ತಾ ಇರಿ," ಎಂದು ಹೆಲ್ಮೆಟ್ ಹಾಕಿಕೊಂಡಳು.

ವೆಂಕಟಗಿರಿ ಬಗ್ಗಿ ಕಿಟಕಿ ಬಡಿದರು. ಏನೋ ಹೇಳಿದರು. ಎಂಜಿನ್ನಿನ ಆರ್ಭಟದಲ್ಲಿ ಅವರ ಮಾತು ಅವರಿಗೇ ಕೇಳಿಸಲಿಲ್ಲ. ಆಶೀರ್ವಾದವೆಂದುಕೊಂಡು ತನ್ಮಯಿ ಕೈಮುಗಿದಳು. ಕಾರು ಹೊರಟಿತು.

ಜನ ಚಪ್ಪಾಳೆ ತಟ್ಟಿದರು. ಅರ್ಧ ದಾರಿ ದಾಟುವಷ್ಟರಲ್ಲಿ ವೇಗ ಇನ್ನೂ ಏರಿತು. ಜಲಜಾಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು.

"ನೀವೊಬ್ರು! ನೀವೇ ಕಲಿಸಿದ ಮಗಳಲ್ವಾ? ಯಾಕೆ ಹೀಗೆ ಹೆದರ್ತೀರ?"

"ಕಲಿಯೋಕೆ ಕೂತ ಮೊದಲನೇ ದಿನ 'ಅಪ್ಪ, ನಾನೇ ನಿಲ್ಲಿಸ್ದೆ' ಅಂತ ಕುಣಿದಾಡಿಬಿಟ್ಳು. ಅಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ," ಎಂದರು ವೆಂಕಟಗಿರಿ, ಗೋಡೆಯಿಂದ ಕಣ್ಣು ಕೀಳದೆ. "ಅವಳು ಕಾಲಿಡೋಷ್ಟರಲ್ಲಿ ನಾನು ತುಳಿದಿರ್ತಿದ್ದೆ. ಇವತ್ತಿನ ತನಕ ನಮ್ಮ ಹುಡುಗಿ ಒಂದೇ ಒಂದ್ ಸಲ ಕಾರಿನ ಬ್ರೇಕ್ ಹಾಕಿಲ್ಲ, ಜಲಜಾ."