ಎತ್ತು ತುಳಿದ ಮಣ್ಣು

"ಏ ಆಯಿ, ಕೈ ತಗಿ ಒಡ್ಡಿನಾಗಿಂದ!"

ಶಿದ್ರಾಮ ಒಡ್ಡಿನ ಮೇಲಿಂದಲೇ ಕೂಗಿದ. ಕೆಳಗೆ, ಒಡ್ಡಿನ ಹಿಂಬದಿಯಲ್ಲಿ, ಮುದುಕಿ ಭರಮವ್ವ ಮೊಣಕೈವರೆಗೆ ಕೈ ತೂರಿಸಿ ಮಣ್ಣು ಬಗೆಯುತ್ತಿದ್ದಳು. ನಾಳೆ ಮಣ್ಣೆತ್ತಿನ ಅಮಾವಾಸ್ಯೆ. ಊರಿನ ಮನೆಮನೆಗೂ ಪೂಜೆಯ ಮಣ್ಣಿನ ಎತ್ತು ಮಾಡಿಕೊಡುವವಳು ಆಕೆಯೇ. ಪ್ರತಿ ವರ್ಷವೂ ಇದೇ ಗುಂಡಿಯ ಮಣ್ಣು.

"ಯಾಕಪಾ, ಒಡ್ಡು ನಿಮ್ಮಪ್ಪಂದೇನು?"

"ಊರಂದು! ಅದಕ್ಕ ಒದರಾಕತ್ತೇನಿ. ಗುಂಡ್ಯಾಗ ನೀರು ಜಿನುಗಾಕತ್ತೈತಿ, ಕಣ್ಣು ಕಾಣ್ಸಂಗಿಲ್ಲೇನು? ಹೊಲದಾಗ ಮಣ್ಣಿಲ್ಲ?"

"ಹೊಲದ ಮಣ್ಣು ಬಿರೀತೈತೋ ತಮ್ಮಾ. ಇದು ಎತ್ತು ತುಳದ ಮಣ್ಣು. ಒಡ್ಡು ಕಟ್ಟೂವಾಗ ಊರ ಎತ್ತೆಲ್ಲಾ ತುಳದು ಹದಾ ಮಾಡಿದ್ದು. ಎತ್ತಿಗೆ ಇದ ಬೇಕು."

"ಒಡ್ಡು ಒಡದ ಮ್ಯಾಲೆ ನಿನ್ನ ಎತ್ತು ನೀರು ತರ್ತಾವೇನು?" ಅವನು ಇಳಿದು ಬಂದು ಅವಳ ಬುಟ್ಟಿಯನ್ನು ಗುಂಡಿಯಲ್ಲೇ ಬೋರಲು ಹಾಕಿ ಮಣ್ಣು ತುಳಿದ. ಮುದುಕಿ ಕೈ ಕೊಡವಿಕೊಂಡಳು. "ಆತು ಬಿಡು. ಈ ವರ್ಷ ಯಾರ ಮನಿಗೂ ಎತ್ತಿಲ್ಲ ಅಂತ ಹೇಳ್ತೇನಿ."

ಹಳ್ಳಕ್ಕೆ ಅಡ್ಡ ಹಿರಿಯರು ಕಟ್ಟಿದ ಒಡ್ಡು. ಬೇಸಿಗೆಯಲ್ಲಿ ಊರು ಕುಡಿಯುವುದು, ಕುರಿ ಕುಡಿಯುವುದು ಇದರ ನೀರನ್ನೇ. ತಾಲೂಕಿನ ಮಾಮಲೇದಾರರು ಬರುತ್ತಾರೆಂದು ಚಾವಡಿ ಕಟ್ಟುವಾಗ ಇದರ ಕಲ್ಲನ್ನೇ ಕಿತ್ತರು. ಒಂದು ದಿನ ಎಲ್ಲರೂ ಬಂದು ದುರಸ್ತಿ ಮಾಡೋಣವೆಂದು ಶಿದ್ರಾಮ ಬೇಸಿಗೆಯಿಡೀ ಗೋಗರೆದಿದ್ದ. ಆಗ ಮದುವೆ, ಈಗ ಹಬ್ಬ. ಊರಿಗೆ ಒಂದು ದಿನ ಸಿಗಲೇ ಇಲ್ಲ. ಮಳೆ ಮಾತ್ರ ಆಗಲೇ ಶುರುವಾಗಿತ್ತು.

ಮಧ್ಯಾಹ್ನವೆಲ್ಲಾ ಒಬ್ಬನೇ ಕಲ್ಲು ಹೊತ್ತು ಗುಂಡಿಗೆ ತುಂಬಿದ. ಚಕ್ಕಡಿ ಹೊಡೆದುಕೊಂಡು ಹೊರಟ ಲಗಮಪ್ಪ ನಕ್ಕ: "ಏನೋ ಶಿದ್ರಾಮ, ಒಬ್ಬಾಂವ ಘಟಪ್ರಭಾ ಹೊಳಿ ಕಟ್ಟಾಕ ಹೊಂಟೀಯೇನು?"

ಹೊತ್ತು ಇಳಿಯುವಾಗ ಊರ ಕಡೆಯಿಂದ ಮಾತು ಕೇಳಿಸಿತು. ಬುಟ್ಟಿ, ಗುದ್ದಲಿ ಹಿಡಿದು ಜನ ಬರುತ್ತಿದ್ದರು. ಶಿದ್ರಾಮನ ಎದೆ ತುಂಬಿತು. "ಬರ್ರಿ ಬರ್ರಿ! ಕಲ್ಲು ಇಲ್ಲೇ ಐತಿ!"

ಕಲ್ಲನ್ನು ಯಾರೂ ನೋಡಲಿಲ್ಲ. ಲಗಮಪ್ಪ ಒಡ್ಡಿನ ಬೆನ್ನಿಗೆ ಗುದ್ದಲಿ ಹಾಕಿದ.

"ಕಾಕಾ! ಏನ್ ಮಾಡಾಕತ್ತೀರಿ?"

"ಮುದುಕಿ ಎತ್ತು ಕೊಡಂಗಿಲ್ಲ ಅಂದ್ಲು. ನಮ್ಮ ಮನಿ ಎತ್ತು ನಾವ ಮಾಡ್ಕೋಬೇಕಲ್ಲೋ."

ಆಚೆ ಕಾಶೆವ್ವ, ಈಚೆ ಯಲ್ಲಪ್ಪ. ಭರಮವ್ವನದು ಒಂದೇ ಗುಂಡಿ ಇತ್ತು, ಈಗ ಮನೆಗೊಂದು. ಇವರನ್ನು ತಡೆಯಲು ಓಡಿದರೆ ಬೆನ್ನ ಹಿಂದೆ ಅವರು ಅಗೆದರು. ಬೈದ, ಕೈ ಮುಗಿದ. ಯಾರೂ ತಲೆ ಎತ್ತಲಿಲ್ಲ.

ಕಡೆಗೆ ಸೆರಗು ಹೊದ್ದು ಕೂತಿದ್ದ ಹೆಂಗಸೊಬ್ಬಳ ಮುಂಗೈ ಹಿಡಿದೆಳೆದ. ಅವನ ತಾಯಿ. ಮುಚ್ಚಿದ ಮುಷ್ಟಿಯಿಂದ ಕೆಸರುನೀರು ಅವನ ಕೈ ಮೇಲೆ ಇಳಿಯುತ್ತಿತ್ತು.

"ಬೈಬ್ಯಾಡೋ ಮಗನ," ಎಂದಳು. "ಎಲ್ಲಾರೂ ಬುಟ್ಟಿ ತುಂಬ್ಯಾರು. ನಾ ಒಂದ ಮುಟಗಿ ಅಷ್ಟ."